ಮೂರು ಸಲವೂ ೨೦.೯

ಮಾರ್ಚ್ ೪, ಸೋಮವಾರ

ಕೇಳಿದ್ದನ್ನೂ ಕೊಟ್ಟದ್ದನ್ನೂ ಇವತ್ತೇ ಬರೆದಿಡುತ್ತೇನೆ. ನಾಳೆ ಈ ಮೇಲಧಿಕಾರಿಗಳು, ನೀವು ಕೇಳೇ ಇರಲಿಲ್ಲ ಅನ್ನುತ್ತಾರೆ.

ಒಂದು. ಹಡಗುಗಳ ಸುರಕ್ಷತೆ ತಪಾಸಣೆ ಮಾಡುವವರು ನಾವು ಏಳು ಜನ. ಹಡಗಿನ ಟ್ಯಾಂಕಿಗೆ ಇಳಿಯುವ ಮೊದಲು ಒಳಗೆ ಉಸಿರಾಡುವಂಥ ಗಾಳಿ ಇದೆಯೇ ಎಂದು ನೋಡಬೇಕು. ಅದಕ್ಕೊಂದು ಮೀಟರ್ ಬೇಕು. ಇಡೀ ಕಚೇರಿಗೆ ಇರುವುದು ಒಂದು. ತಲೆಗೊಂದು ಕೊಡಿ ಎಂದೆವು. ಕೊಡುತ್ತೇವೆ ಎಂದು ಹೋದ ವರ್ಷ ಮಾತು ಕೊಟ್ಟರು. ಈಗ ಮುಂದಿನ ವರ್ಷ ಅನ್ನುತ್ತಾರೆ.

ಎರಡು. ಒಬ್ಬರು ಟ್ಯಾಂಕಿಗೆ ಇಳಿದಾಗ ಅದರ ಬಾಯಿಯ ಹತ್ತಿರ ನಮ್ಮವರೇ ಇನ್ನೊಬ್ಬರು ನಿಂತಿರಬೇಕು. ತತ್ವಕ್ಕೆ ಒಪ್ಪಿದರು. ಜನ ಕೊಡಲು ಒಪ್ಪಲಿಲ್ಲ.

ಮೂರು. ನಾವು ಹಡಗಿನ ಮೇಲಿರುವಾಗ "ಎಷ್ಟೊತ್ತಿಗೆ ಬಿಡ್ತೀರಿ" ಎಂದು ಯಾರೂ ಫೋನ್ ಮಾಡಬಾರದು. ಖಂಡಿತ ಎಂದರು. ಅವರು ಖಂಡಿತ ಎನ್ನುತ್ತಿರುವಾಗಲೇ ಹಡಗಿನ ಮೇಲಿದ್ದ ನಮ್ಮವನೊಬ್ಬನಿಗೆ ಎರಡು ಸಲ ಫೋನ್ ಹೋಗಿತ್ತು.

ನಾಲ್ಕು. ಜಾರದ ಬೂಟು. ಮೂರು ಜೊತೆ ಬಂದಿವೆ. ಮೂರೂ ಹತ್ತನೇ ನಂಬರು. ನನ್ನ ಕಾಲು ಐದು.

ಕೇಳದೇ ಬಂದದ್ದು ಒಂದೇ ಒಂದು: 'ವರ್ಷದ ಶ್ರೇಷ್ಠ ತಪಾಸಣಾಧಿಕಾರಿ' ಪ್ರಶಸ್ತಿ. ನಮ್ಮ ಮುಖ್ಯಸ್ಥರು (ನಾವು ಅವರನ್ನು ದೊಡ್ಡವರು ಅನ್ನುತ್ತೇವೆ, ಮರ್ಯಾದೆಗಲ್ಲ, ಕುರ್ಚಿಯ ಅಳತೆಗೆ) ಸಭೆಯ ಕೊನೆಗೆ ಎದ್ದುನಿಂತು ಅದನ್ನು ಸಾರಿದರು. ಗೊತ್ತುಮಾಡಿದ ಹೊತ್ತಿಗಿಂತ ಬೇಗ ಮುಗಿಸಿದ ಪ್ರತಿ ಗಂಟೆಗೆ ಐದು ಅಂಕ. ಹಡಗು ತಡೆಹಿಡಿದರೆ ಹತ್ತು ಕಳೆ. ಶ್ರೇಷ್ಠತೆ ಅಂದರೆ ಇದು. ಕಣ್ಣು ಮುಚ್ಚಿಕೊಂಡು ಓಡಿದವನಿಗೆ ಪದಕ.

ಸಂಘದ ಕಾರ್ಯದರ್ಶಿ ನಾನೇ. ಸಂಜೆ ಏಳೂ ಜನ ಸೇರಿ ತೀರ್ಮಾನ ಬರೆದೆವು: ಈ ಪ್ರಶಸ್ತಿಗೆ ನಾವ್ಯಾರೂ ಹೆಸರು ಕೊಡುವುದಿಲ್ಲ. ಎಲ್ಲರಿಗಿಂತ ಹಿರಿಯ ನಮ್ಮ ಸುತ್ತಿಗೆಯಣ್ಣ. ಜೇಬಿನಲ್ಲಿ ಸದಾ ಒಂದು ಪುಟ್ಟ ಸುತ್ತಿಗೆ, ಹಡಗಿನ ತಗಡನ್ನು ಬಡಿದು ಕಿವಿಯಿಟ್ಟು ಕೇಳುವ ಮನುಷ್ಯ. ಸಹಿ ಹಾಕುತ್ತಾ, "ನನ್ನ ಹೆಸರು ಕೊಟ್ರೂ ಅವ್ರಿಗೆ ಉಪಯೋಗ ಇಲ್ಲ ತಂಗಿ. ನಾನು ಹತ್ತು ಹಡಗು ನೋಡಿದ್ರೆ ನಾಲ್ಕು ನಿಲ್ಲಿಸ್ತೀನಿ" ಎಂದರು.

ನಾವು ಬಗ್ಗುವುದಿಲ್ಲ.

ಮಾರ್ಚ್ ೭, ಗುರುವಾರ

ಹೆಸರು ಕೊಡುವುದೇ ಬೇಕಿಲ್ಲವಂತೆ. ಎಲ್ಲರನ್ನೂ ಅವರೇ ಸೇರಿಸಿಕೊಂಡು, ಹೋದ ಏಪ್ರಿಲ್‌ನಿಂದಲೇ ಲೆಕ್ಕ ಹಿಡಿದಿದ್ದಾರೆ. ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಅಂಕಪಟ್ಟಿ ಅಂಟಿಸಿದ್ದಾರೆ, ಬಾಯಾರಿದವರೆಲ್ಲ ನೋಡಲಿ ಅಂತ. ಸುತ್ತಿಗೆಯಣ್ಣ ಕೊನೆ, ಇಪ್ಪತ್ತೆರಡು ಕಳೆ. ನಾನು ಎರಡನೆಯವಳು.

ನಗುವುದಕ್ಕೆಂದು ನೋಡಿದೆ. ಮನೆಗೆ ಹೊರಡುವಾಗ ಇನ್ನೊಮ್ಮೆ ನೋಡಿದೆ. ಮೊದಲನೆಯವನಿಗೂ ನನಗೂ ಮೂರೇ ಅಂಕದ ವ್ಯತ್ಯಾಸ. ಅವನು ಮೊನ್ನೆಯ ಹಡಗಿನಲ್ಲಿ ಜೀವರಕ್ಷಕ ದೋಣಿಯನ್ನು ನೀರಿಗೆ ಇಳಿಸಿಯೇ ನೋಡಿರಲಿಲ್ಲ, ನನಗೆ ಗೊತ್ತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ.

ಮಾರ್ಚ್ ೧೨, ಮಂಗಳವಾರ

ಹಸಿರು ಹಡಗು. ಬಣ್ಣ ಹಸಿರು, ಒಳಗೆ ಮರದ ದಿಮ್ಮಿ. ಎರಡು ವಾರಕ್ಕೊಮ್ಮೆ ಬಂದು ಹೋಗುತ್ತದೆ.

ಕಚೇರಿಯ ಮೀಟರ್ ಎಂದಿನಂತೆ ಸುತ್ತಿಗೆಯಣ್ಣನ ಚೀಲದಲ್ಲಿ, ಅವರು ಬಂದರಿನ ಆ ತುದಿಯಲ್ಲಿ. ಬರಲಿ ಎಂದು ಕಾದರೆ ಮಧ್ಯಾಹ್ನ. ಅಷ್ಟರಲ್ಲಿ ಎರಡು ಫೋನ್ ಬಂದವು. ಹಡಗಿನ ಚೀಫ್ ಆಫೀಸರ್ ತಮ್ಮದೇ ಮೀಟರ್ ತಂದುಕೊಟ್ಟ. ಹಡಗಿನ ಮೀಟರನ್ನು ನಾವು ಪರೀಕ್ಷಿಸಬೇಕೇ ಹೊರತು ಅದನ್ನು ಹಿಡಿದು ಇಳಿಯಬಾರದು. ಆದರೆ ಎಲ್ಲರೂ ಹಾಗೇ ಇಳಿಯುವುದು, ಇಳಿಯದೆ ಏನು ಮಾಡುವುದು. ಹೊಸ ಮಾತೇನೂ ಅಲ್ಲ.

ಹಡಗಿನ ಅಡಿಯಲ್ಲಿ ನೀರು ತುಂಬಿಸುವ ಟ್ಯಾಂಕು. ಮುಚ್ಚಳ ಬೆಳಗಿನಿಂದ ತೆರೆದೇ ಇತ್ತಂತೆ. ಹಗ್ಗ ಹಿಡಿದು ಬಾಯಿಯ ಹತ್ತಿರ ನಿಂತವನು ಉಣ್ಣೆ ಟೋಪಿಯ ಒಬ್ಬ ಖಲಾಸಿ, ನಲವತ್ತು ದಾಟಿದವನು. ಬಾಯಿ ಸುಮ್ಮನಿರುವುದಿಲ್ಲ.

"ಮೇಡಂ, ಈ ಮೀಟರ್ ನಮ್ಮ ಹಡಗಲ್ಲಿ ಎಲ್ರಿಗಿಂತ ಒಳ್ಳೆ ಸ್ವಭಾವದ್ದು. ಯಾವತ್ತೂ ಯಾರಿಗೂ ಇಲ್ಲ ಅಂದಿಲ್ಲ."

"ನಿಮ್ಮ ಕ್ಯಾಪ್ಟನ್ನು?"

"ಅವ್ರಿಗೆ ಇಲ್ಲ ಅನ್ನೋದು ಬಿಟ್ಟು ಬೇರೆ ಮಾತೇ ಬರಲ್ಲ."

ಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಮೇಲೆ ೨೦.೯. ನಡುವೆ ೨೦.೯. ತಳದಲ್ಲಿ ೨೦.೯. ಹೊರಗಿನ ಗಾಳಿಯಲ್ಲಿ ಇರುವಷ್ಟೇ ಪ್ರಾಣವಾಯು. ಅಚ್ಚುಕಟ್ಟಾದ ಹಡಗು. ಇಳಿದು ನೋಡಿ ಹತ್ತಿ ಬಂದೆ. ತುಕ್ಕು ಇದೆ, ತೂತಿಲ್ಲ. ಮೇಲೆ ಬಂದಾಗ ಸ್ವಲ್ಪ ತಲೆನೋವು. ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಫಾರಂನಲ್ಲಿ ಒಂದು ಸಾಲು ಇದೆ: ಹಡಗಿನ ಗಾಳಿ ಮೀಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ? ನಾನೇ ಅದನ್ನು ಹಿಡಿದು ಇಳಿದು ಜೀವಂತವಾಗಿ ಹತ್ತಿ ಬಂದಿದ್ದೇನೆ, ಇನ್ನೇನು ಪರೀಕ್ಷೆ ಬೇಕು. ಹೌದು ಎಂದು ಗೀಟು ಹಾಕಿದೆ.

ಎರಡೂವರೆ ಗಂಟೆಯಲ್ಲಿ ಮುಗಿಯಿತು. ಗೊತ್ತುಮಾಡಿದ್ದು ಆರು ಗಂಟೆ.

ಮಾರ್ಚ್ ೧೩, ಬುಧವಾರ

ಮೊದಲನೆಯವಳು.

ಮಾರ್ಚ್ ೧೯, ಮಂಗಳವಾರ

ಕಾಗದ ಬಂತು. ಆಯ್ಕೆಯಾಗಿದ್ದೇನೆ. ಏಪ್ರಿಲ್ ೬, ಶನಿವಾರ ಸಮಾರಂಭ. ಕಾಗದದಲ್ಲಿ ಹಸಿರು ಹಡಗಿನ ಹೆಸರೇ ಇದೆ: "ದಕ್ಷತೆ ಮತ್ತು ಸುರಕ್ಷತೆ ಎರಡೂ ಒಂದೇ ಕೈಯಲ್ಲಿ ಸಾಧ್ಯ ಎಂಬುದಕ್ಕೆ ಮಾದರಿ." ಬರೆದವರಿಗೆ ಭಾಷೆಯ ಮೇಲೆ ಹಿಡಿತ ಇದೆ.

ಸಂಘದ ಕೋಣೆಯಲ್ಲಿ ಮಾತು ಬಿಸಿಯಾಯಿತು. ತೀರ್ಮಾನ ಬರೆದವಳೇ ತಗೊಂಡ್ರೆ ನಾವೇನು ಹೇಳೋದು ಎಂದು ಒಬ್ಬ. ಅವನು ಅಂಕಪಟ್ಟಿಯಲ್ಲಿ ಎರಡನೆಯವನು, ಅವನ ಹೊಟ್ಟೆಕಿಚ್ಚು ಅವನಿಗೆ. ನಾನು ಹೇಳಿದೆ, ವೇದಿಕೆ ಹತ್ತಿದರೆ ಮೈಕು ಸಿಗುತ್ತದೆ, ಮೈಕು ಸಿಕ್ಕಿದರೆ ನಮ್ಮ ಬೇಡಿಕೆ ನಾಲ್ಕು ಜನಕ್ಕೆ ಕೇಳುತ್ತದೆ. ಹೇಳುವಾಗ ಅದು ನಿಜವೆಂದೇ ಅನಿಸಿತು. ಈಗಲೂ ನಿಜವೆಂದೇ ಅನಿಸುತ್ತಿದೆ. ಆದರೆ ಎರಡು ಸಲ ಹೇಳಿಕೊಂಡರೆ ಮಾತ್ರ.

ಸುತ್ತಿಗೆಯಣ್ಣ ಎದ್ದು ಹೋಗುವಾಗ ಭುಜ ತಟ್ಟಿದರು. "ತಗೋ ತಂಗಿ. ಮೂವತ್ತು ವರ್ಷದಲ್ಲಿ ನಮ್ಮ ಕೆಲಸಕ್ಕೆ ಯಾರೂ ಭೇಷ್ ಅಂದಿಲ್ಲ. ಮುಳುಗದೇ ಇದ್ದ ಹಡಗಿನ ಸುದ್ದಿ ಯಾರೂ ಹಾಕಲ್ಲ."

ಇದು ಚುಚ್ಚಿದ್ದೋ ಹರಸಿದ್ದೋ ಗೊತ್ತಾಗುತ್ತಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ.

ಗುರುವಾರದ ಸಂಘದ ಸಭೆ ಮುಂದೂಡಿದ್ದೇನೆ. ಭಾಷಣ ಬರೆಯುವುದಿದೆ.

ಮಾರ್ಚ್ ೨೨, ಶುಕ್ರವಾರ

ಮನೆಯವರು ದರ್ಜಿ. ನನಗೊಂದು ಹೊಸ ಕೋಟು ಹೊಲಿಯುತ್ತಿದ್ದಾರೆ. ಫಲಕ ತೂಗುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದಾಗಿದೆ. "ಇನ್ನೂ ಬಂದೇ ಇಲ್ಲ" ಎಂದೆ. "ಮೊಳೆ ಗಟ್ಟಿ ಕೂರಬೇಕಲ್ಲ, ಅದಕ್ಕೂ ಟೈಮ್ ಬೇಕು" ಎಂದರು.

ಅತ್ತೆ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ಕೆಲಸ ಮಾಡಿದವರು. ಕಾಲು ನೀವಿಕೊಳ್ಳುತ್ತಾ ಕೇಳಿದರು, "ಏಳು ಜನದಲ್ಲಿ ಒಂದು ಕುತ್ತಿಗೆಗೆ ಪದಕ ಹಾಕ್ತಾರೆ. ಉಳಿದ ಆರು ಕುತ್ತಿಗೆಗೆ ಏನು ಹಾಕ್ತಾರಂತೆ?"

"ಸುಮ್ನಿರಮ್ಮ, ಅವಳು ಖುಷಿಯಾಗಿದಾಳೆ" ಎಂದರು ಇವರು.

ಖುಷಿಯಾಗಿದ್ದೇನೆಯೇ? ಕೋಟಿನ ಅಳತೆ ಸರಿಯಾಗಿದೆ. ಅಷ್ಟು ಹೇಳಬಲ್ಲೆ.

ಮಾರ್ಚ್ ೨೬, ಮಂಗಳವಾರ

ಬೆಳಿಗ್ಗೆ ಹಸಿರು ಹಡಗು ಮತ್ತೆ ಬಂತು, ಬರುವಾಗಲೇ ಆಂಬುಲೆನ್ಸ್ ಕೇಳಿಕೊಂಡು. ಒಬ್ಬ ಖಲಾಸಿ ಟ್ಯಾಂಕಿನಲ್ಲಿ ಬಿದ್ದಿದ್ದಾನೆ. ತುಕ್ಕು ಕೆರೆಯಲು ಇಳಿದವನು. ಟ್ಯಾಂಕು ಹದಿಮೂರು ದಿನದಿಂದ ಮುಚ್ಚಿತ್ತು. ಮುಚ್ಚಿದ ಟ್ಯಾಂಕಿನಲ್ಲಿ ತುಕ್ಕು ಗಾಳಿಯನ್ನು ತಿಂದು ಹಾಕುತ್ತದೆ, ಇದು ನಮ್ಮ ಕೆಲಸದ ಮೊದಲ ಪಾಠ. ಇಳಿಯುವ ಮೊದಲು ಮೀಟರ್ ಇಳಿಬಿಟ್ಟಿದ್ದಾರೆ. ಎಲ್ಲ ಸರಿ ಎಂದು ತೋರಿಸಿದೆ. ಮೂರನೇ ಮೆಟ್ಟಿಲಲ್ಲಿ ಕೈ ಬಿಟ್ಟಿದ್ದಾನೆ. ಸೊಂಟದ ಹಗ್ಗ ಬಿಚ್ಚಿರಲಿಲ್ಲ, ಅದಕ್ಕೇ ಮೇಲೆಳೆದರು. ಉಸಿರಿದೆ. ಎಚ್ಚರವಿಲ್ಲ.

ಉಣ್ಣೆ ಟೋಪಿಯವನು.

ನಾನು ಹೆಲ್ಮೆಟ್ ತೆಗೆದುಕೊಂಡೆ. ದೊಡ್ಡವರು ತಡೆದರು. "ನೀವು ಬೇಡ ಮೇಡಂ, ನೀವು ಭಾಷಣ ನೋಡ್ಕೊಳ್ಳಿ." ಸುತ್ತಿಗೆಯಣ್ಣ ಹೋದರು. ಮೂರು ಗಂಟೆಗೆ ಹಡಗನ್ನು ತಡೆಹಿಡಿದರು. ಇನ್ನೊಂದು ಹತ್ತು ಕಳೆ.

ನಾಲ್ಕು ಗಂಟೆಗೆ ನನ್ನ ಮೇಜಿಗೆ ಬಂದು ಚೀಲದಿಂದ ಆ ಹಡಗಿನ ಮೀಟರ್ ತೆಗೆದು ಎದುರಿಟ್ಟರು.

"ಊದು."

"ಏನಣ್ಣ?"

"ಬಾಯಿ ಹತ್ತಿರ ಹಿಡ್ಕೊಂಡು ಉಸಿರು ಬಿಡು. ಜೋರಾಗಿ."

ಊದಿದೆ. ನಾವು ಹೊರಗೆ ಬಿಡುವ ಉಸಿರಲ್ಲಿ ಪ್ರಾಣವಾಯು ಕಡಿಮೆ. ಜೀವ ಇರುವ ಮೀಟರ್ ಆದರೆ ಅಂಕಿ ಹದಿನೇಳರ ಹತ್ತಿರ ಇಳಿಯಬೇಕು. ೨೦.೯. ಮತ್ತೆ ಊದಿದೆ. ೨೦.೯. ಎದೆ ಖಾಲಿಯಾಗುವವರೆಗೆ ಊದಿದೆ. ೨೦.೯.

ಅದು ಸತ್ತುಹೋಗಿದೆ. ಸತ್ತ ಮೇಲೂ ಎಲ್ಲ ಚೆನ್ನಾಗಿದೆ ಅನ್ನುತ್ತಿದೆ.

"ಮೀಟರ್ ಕೆಟ್ಟಿದೆ ಅಂತ ನಾನು ಬರೀತೀನಿ" ಎಂದರು ಸುತ್ತಿಗೆಯಣ್ಣ. ನನ್ನ ಮುಖ ನೋಡಲಿಲ್ಲ, ಮೀಟರನ್ನೇ ನೋಡುತ್ತಿದ್ದರು. "ಯಾವತ್ತಿಂದ ಕೆಟ್ಟಿದೆ ಅಂತ ನಂಗೊತ್ತಿಲ್ಲ. ಹನ್ನೆರಡನೇ ತಾರೀಕು ಸರಿ ಇತ್ತು ಅಂತ ನಿನ್ನ ಫಾರಂ ಹೇಳುತ್ತೆ. ಇತ್ತೋ ಇಲ್ವೋ ಗೊತ್ತಿರೋದು ನಿನಗೊಬ್ಬಳಿಗೇ."

ಮಾರ್ಚ್ ೨೭, ಬುಧವಾರ

ಹನ್ನೆರಡನೇ ತಾರೀಕಿನ ಪುಟ ಓದಿದೆ. ಮೇಲೆ, ನಡುವೆ, ತಳದಲ್ಲಿ ಒಂದೇ ಅಂಕಿ. ಯಾವ ಟ್ಯಾಂಕಿನಲ್ಲೂ ಹಾಗಿರುವುದಿಲ್ಲ. ಒಂದು ಕೂದಲಿನಷ್ಟಾದರೂ ಆಚೀಚೆ ಆಡುತ್ತದೆ. ಹತ್ತೊಂಬತ್ತು ವರ್ಷದಿಂದ ಇದನ್ನೇ ನೋಡುತ್ತಾ ಬಂದವಳು ನಾನು. 'ಅಚ್ಚುಕಟ್ಟಾದ ಹಡಗು' ಎಂದು ಬರೆದಿದ್ದೇನೆ. ಕೈಬರಹ ನನ್ನದೇ.

ತಲೆನೋವನ್ನೂ ಬರೆದಿದ್ದೇನೆ. ಅದಕ್ಕೆ ಕಾರಣವನ್ನೂ ನಾನೇ ಕೊಟ್ಟಿದ್ದೇನೆ.

ಮುಚ್ಚಳ ಬೆಳಗಿನಿಂದ ತೆರೆದಿತ್ತು. ಅದಕ್ಕೆ ಬದುಕಿದೆ. ಮೀಟರಿನಿಂದಲ್ಲ.

ಮಾರ್ಚ್ ೩೦, ಶನಿವಾರ

ಆಸ್ಪತ್ರೆ. ಎಚ್ಚರ ಬಂದು ಎರಡು ದಿನವಾಗಿದೆ. ಟೋಪಿ ಇಲ್ಲದೆ ಗುರುತು ಸಿಗಲಿಲ್ಲ. ತಲೆ ಪೂರ್ತಿ ಬೋಳು. ಬಲಗೈ ಲೋಟ ಹಿಡಿಯುತ್ತಿಲ್ಲ. ಒಂದು ಮಾತು ಹುಡುಕಲು ಹೋಗಿ ಅರ್ಧದಲ್ಲಿ ನಿಲ್ಲುತ್ತಾನೆ, ಆಮೇಲೆ ತಾನೇ ನಗುತ್ತಾನೆ.

"ಮೇಡಂ, ನೀವು ಬಂದಿದ್ದು... ಬಂದಿದ್ದು... ಒಳ್ಳೇದಾಯ್ತು."

"ಯಾಕಪ್ಪಾ ಇಳಿದೆ? ಹದಿಮೂರು ದಿನ ಮುಚ್ಚಿತ್ತಲ್ಲ."

"ನಮ್ಮ ಹುಡುಗರು ಬೇಡ ಅಂದ್ರು. ನಾನೇ ಬೈದೆ. ಆ ಮೇಡಂ ಇದೇ ಮೀಟರ್ ಹಿಡ್ಕೊಂಡು ಇದೇ ಟ್ಯಾಂಕಿಗೆ ಇಳಿದು ಬಂದ್ರು, ಸಹಿನೂ ಹಾಕಿದ್ರು, ನಿಮಗೇನ್ರೋ ರೋಗ ಅಂದೆ."

ಲೋಟ ಹಿಡಿದು ನೀರು ಕುಡಿಸಿದೆ. ಅವನು ಥ್ಯಾಂಕ್ಸ್ ಎಂದ. ಅದೊಂದು ಮಾತು ಹುಡುಕದೇ ಬಂತು.

ಏಪ್ರಿಲ್ ೨, ಮಂಗಳವಾರ

ದೊಡ್ಡವರು ಕರೆಸಿದರು. ಬಾಗಿಲು ತಾವೇ ಎದ್ದು ಹಾಕಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಕುರ್ಚಿ ತೋರಿಸಿದರು.

"ಮೇಡಂ, ಯಂತ್ರ. ಹನ್ನೆರಡಕ್ಕೆ ಸರಿ ಇತ್ತು, ಆಮೇಲೆ ಕೆಟ್ಟಿತು. ಇದರಲ್ಲಿ ಯಾರ ತಪ್ಪಿದೆ?"

"ಹನ್ನೆರಡಕ್ಕೇ ಕೆಟ್ಟಿತ್ತು ಅನಿಸುತ್ತೆ ಸರ್."

"ಅನಿಸೋದನ್ನ ಫಾರಂನಲ್ಲಿ ಬರೆಯೋ ಜಾಗ ಇಲ್ಲವಲ್ಲ." ಒಂದು ಕಾಗದ ಮುಂದೆ ಸರಿಸಿದರು. "ನಿಮ್ಮ ಸಂಘ ಏಳು ಮೀಟರ್ ಕೇಳಿತ್ತು. ಶನಿವಾರ ವೇದಿಕೆ ಮೇಲೆ, ನಿಮಗೆ ಪ್ರಶಸ್ತಿ ಕೊಟ್ಟ ತಕ್ಷಣ, ಏಳೂ ಘೋಷಣೆ ಮಾಡ್ತೀನಿ. ಕಾಗದ ರೆಡಿ ಇದೆ, ನೋಡಿ. ಆದ್ರೆ ಪ್ರಶಸ್ತಿ ತಗೊಂಡವರ ಫೈಲೇ ಗಲೀಜಾದ್ರೆ ಮೇಲಿನವರು ಇದಕ್ಕೆ ಸಹಿ ಹಾಕ್ತಾರಾ? ನೀವೇ ಹೇಳಿ."

ಕಾಗದ ನಿಜವಾಗಿಯೂ ಸಿದ್ಧವಿತ್ತು. ಏಳು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಇತ್ತು. ನಾವು ಒಂದು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ಮೇಜಿನ ಮೇಲೆ ಬಿದ್ದಿತ್ತು.

ನನಗೆ ಅರ್ಥವಾಗುತ್ತಿಲ್ಲ. ನಾನು ಬಾಯಿ ಮುಚ್ಚಿದರೆ ಏಳು ಮೀಟರ್ ಬರುತ್ತವೆ. ಏಳು ಮೀಟರ್ ಬಂದರೆ ಇನ್ನೊಬ್ಬ ಖಲಾಸಿ ಬೀಳುವುದಿಲ್ಲ. ನಾನು ಬಾಯಿ ತೆರೆದರೆ ಮೀಟರ್ ಇಲ್ಲ, ನಾಳೆಯೂ ನಮ್ಮವರು ಹಡಗಿನವರದ್ದೇ ಹಿಡಿದು ಇಳಿಯುತ್ತಾರೆ. ಹಾಗಾದರೆ ಸುಳ್ಳಿನಿಂದ ಜೀವ ಉಳಿಯುತ್ತದೆ, ನಿಜದಿಂದ ಹೋಗುತ್ತದೆ. ಹೀಗೆ ಬರೆದರೆ ಸರಿಯಾಗಿಯೇ ಕಾಣುತ್ತದೆ. ಹಸಿರು ಹಡಗಿನ ಮೀಟರೂ ಹೀಗೇ ಸರಿಯಾಗಿ ಕಾಣುತ್ತಿತ್ತು.

ಆದರೆ ಆಸ್ಪತ್ರೆಯಲ್ಲಿ ಮಲಗಿರುವವನ ಫೈಲಿನಲ್ಲಿ 'ಖಲಾಸಿಯ ಅಜಾಗರೂಕತೆ' ಎಂದು ಬರೆದಾಗಿದೆ. ಹೊರಡುವಾಗ ಅದೂ ಮೇಜಿನ ಮೇಲೆ ಕಂಡಿತು. ಅಜಾಗರೂಕತೆ. ಇಳಿಯುವ ಮೊದಲು ಮೀಟರ್ ಇಳಿಬಿಟ್ಟವನ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನ ಅಜಾಗರೂಕತೆ. ಅವನಿಗೆ ಪರಿಹಾರ ಬರುವುದಿಲ್ಲ, ಇನ್ನೊಂದು ಹಡಗಿನಲ್ಲಿ ಕೆಲಸವೂ ಸಿಗುವುದಿಲ್ಲ.

ಅತ್ತೆಗೆ ಎಲ್ಲ ಹೇಳಿದೆ. "ಏಳು ಮೀಟರ್ ಕೊಡೋಕೆ ಅವನ ಹತ್ರ ಇತ್ತು ಅಂತಾಯ್ತು" ಎಂದರು. "ಮೊದಲೇ ಯಾಕೆ ಕೊಡಲಿಲ್ಲ?"

ಹೌದಲ್ಲ.

ಏಪ್ರಿಲ್ ೪, ಗುರುವಾರ

ಮುಂದೂಡಿದ ಸಭೆ ಕರೆದೆ. ಏಳೂ ಜನ ಬಂದರು. ನಿಂತುಕೊಂಡು ಹೇಳಿದೆ: ಹನ್ನೆರಡನೇ ತಾರೀಕು ನಾನು ಹಡಗಿನದೇ ಮೀಟರ್ ಹಿಡಿದು ಇಳಿದೆ. ಮೂರು ಸಲವೂ ೨೦.೯ ತೋರಿಸಿತು. ಅನುಮಾನ ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ನಾನು ಗಡಿಯಾರ ನೋಡುತ್ತಿದ್ದೆ. ಊದಿ ನೋಡದೆ, ಪರೀಕ್ಷಿಸಿದ್ದೇನೆ ಎಂದು ಗೀಟು ಹಾಕಿದೆ. ನಾಳೆ ತಿದ್ದುಪಡಿ ವರದಿ ಕೊಡುತ್ತೇನೆ. ಅದರಿಂದ ಏಳು ಮೀಟರ್ ಕೈತಪ್ಪುತ್ತವೆ. ಬೈಯುವವರು ಈಗಲೇ ಬೈಯಿರಿ.

ಯಾರೂ ಬೈಯಲಿಲ್ಲ. ಆಮೇಲೆ ಎರಡನೆಯವನು, ನಾನು ಹೊಟ್ಟೆಕಿಚ್ಚಿನವನು ಎಂದು ಬರೆದಿದ್ದೆನಲ್ಲ ಅವನು, ಮೇಜಿನ ಕೆಳಗಿನಿಂದ ಕೈ ತೆಗೆದು ಎತ್ತಿದ.

"ನಾನೂ ಅಕ್ಕ. ಈ ವರ್ಷ ಹನ್ನೊಂದು ಹಡಗು."

ಅವನ ಪಕ್ಕದವನು ಎತ್ತಿದ. "ನಂದು ಆರು. ಆರೋ ಏಳೋ." ಆಮೇಲೆ ಇನ್ನೊಬ್ಬ. ಆಮೇಲೆ ಉಳಿದಿಬ್ಬರು ಒಟ್ಟಿಗೇ, ಒಬ್ಬರನ್ನೊಬ್ಬರು ನೋಡಿಕೊಂಡು.

ನನ್ನದೂ ಸೇರಿ ಆರು ಕೈ ಗಾಳಿಯಲ್ಲಿ. ಎತ್ತದೇ ಇದ್ದದ್ದು ಸುತ್ತಿಗೆಯಣ್ಣನದು ಮಾತ್ರ. ಎಲ್ಲರೂ ಅವರ ಕಡೆ ತಿರುಗಿದೆವು. ಹೊಗಳುವ ಮುಖ ಮಾಡಿದ್ದೆವೋ ಏನೋ, ಅವರಿಗೆ ಸಿಟ್ಟು ಬಂತು.

"ಏನ್ ನೋಡ್ತೀರಿ? ನಾನೇನು ದೇವರಾ? ಆಫೀಸಿನ ಮೀಟರ್ ಯಾವಾಗಲೂ ನನ್ನ ಚೀಲದಲ್ಲಿ ಇರ್ತಿತ್ತು. ಹಿರಿಯ ಅಂತ ನೀವೇ ಬಿಟ್ಟುಕೊಟ್ರಿ, ನಾನು ಇಟ್ಕೊಂಡೆ. ಅದಕ್ಕೇ ಕೈ ಎತ್ತಿಲ್ಲ. ನನ್ನ ಒಳ್ಳೇತನ ಎಲ್ಲ ನಿಮ್ಮ ಆರು ಜನದ ಉಸಿರಿಂದ ಬಂದಿದ್ದು ಕಣ್ರೋ." ಚೀಲದಿಂದ ಮೀಟರ್ ತೆಗೆದು ಮೇಜಿನ ನಡುವೆ ಇಟ್ಟರು. "ತಗೊಳ್ಳಿ. ಇದು ಇಲ್ಲಿರಲಿ. ಇದು ಕೈಗೆ ಸಿಗೋವರೆಗೂ ಯಾರೂ ಯಾವ ಟ್ಯಾಂಕಿಗೂ ಇಳಿಯೋದು ಬೇಡ."

ಅಂದರೆ ದಿನಕ್ಕೆ ಒಂದೇ ಹಡಗಿನ ಟ್ಯಾಂಕು. ಉಳಿದವು ಸಾಲಾಗಿ ನಿಲ್ಲಲಿ. ಅಂಕಪಟ್ಟಿಯಲ್ಲಿ ಎಲ್ಲರೂ ಕಳೆಗೆ ಇಳಿಯಲಿ.

ಒಬ್ಬೊಬ್ಬರಾಗಿ ಅದನ್ನು ಎತ್ತಿಕೊಂಡು ಊದಿದೆವು. ಏಳು ಸಲವೂ ಅಂಕಿ ಇಳಿಯಿತು. ಯಾಕೆ ಊದಿದೆವೋ, ಸರಿ ಇರುವುದು ಗೊತ್ತಿತ್ತು.

ಏಪ್ರಿಲ್ ೫, ಶುಕ್ರವಾರ

ತಿದ್ದುಪಡಿ ವರದಿ ಕೊಟ್ಟೆ. ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ, ಖಲಾಸಿಗೊಂದು, ನನಗೊಂದು. ದೊಡ್ಡವರು ಕುರ್ಚಿ ತೋರಿಸಲಿಲ್ಲ. "ಏಳು ಮೀಟರನ್ನ ನಿಮ್ಮ ಕೈಯಾರೆ ಹರಿದು ಹಾಕಿದ್ರಿ" ಎಂದರು. ಮಧ್ಯಾಹ್ನ ನನ್ನ ಮೇಲೆ ವಿಚಾರಣೆಯ ನೋಟಿಸು ಬಂತು.

ಪ್ರಶಸ್ತಿಯನ್ನು ಎರಡನೆಯವನಿಗೆ ಕೊಡಲು ಹೋದರು. ಅವನು ತನ್ನ ಹನ್ನೊಂದು ಹಡಗಿನ ಪಟ್ಟಿ ಕೊಟ್ಟ. ಮೂರನೆಯವನು ಆರೋ ಏಳೋ ಅನ್ನುವುದನ್ನು ಇನ್ನೂ ಲೆಕ್ಕ ಹಾಕುತ್ತಿದ್ದೇನೆ ಎಂದ. ಕೊನೆಗೆ ಸುತ್ತಿಗೆಯಣ್ಣನ ಬಳಿ ಹೋದರಂತೆ, ಮೂವತ್ತೆರಡು ಕಳೆ ಇರುವ ಮನುಷ್ಯನ ಬಳಿ. ಅವರು ಮೇಜನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕಿವಿಯಿಟ್ಟು, "ಒಳಗೆ ತುಕ್ಕು ಹಿಡಿದಿದೆ ಸರ್" ಎಂದರಂತೆ. ಇದನ್ನು ಹೇಳಿದವರೂ ಅವರೇ, ಆದ್ದರಿಂದ ಎಷ್ಟು ನಿಜವೋ.

ಮಾಡಿದ್ದು ಸರಿಯೇ ಎಂದು ಈಗಲೂ ಗೊತ್ತಿಲ್ಲ. ಮೀಟರ್ ಹೋಯಿತು, ಅದು ಖಂಡಿತ. ಬಂದರಿನಲ್ಲಿ ಮೂರು ಹಡಗು ಸಾಲು ನಿಂತಿವೆ, ಫೋನು ನಿಲ್ಲುತ್ತಿಲ್ಲ, ನಾವು ಯಾರೂ ಎತ್ತುತ್ತಿಲ್ಲ. ಖಲಾಸಿಗೆ ಪ್ರತಿ ಕೊಟ್ಟಾಗ ಎಡಗೈಯಲ್ಲಿ ಹಿಡಿದು ತುಂಬ ಹೊತ್ತು ಓದಿದ. "ನನ್ನ ಅಜಾಗರೂಕತೆ ಅಲ್ಲ ಅಂತ ಇದೆಯಾ ಇದರಲ್ಲಿ?" ಎಂದು ಕೇಳಿದ. ಇದೆ ಎಂದೆ. ಎಲ್ಲಿ ಇದೆ ತೋರಿಸಿ ಎಂದ. ಬೆರಳಿಟ್ಟು ತೋರಿಸಿದೆ.

ಮೊಳೆ ಗಟ್ಟಿ ಕೂತಿದೆ. ಬಂದವಳೇ ನನ್ನ ಹೆಲ್ಮೆಟನ್ನು ಅದಕ್ಕೆ ತೂಗುಹಾಕಿದೆ. ಕೋಟಿನ ಹೊಲಿಗೆಯನ್ನು ಮನೆಯವರು ಬಿಚ್ಚಿ, ಅದನ್ನು ಅತ್ತೆಗೆ ಸಣ್ಣದು ಮಾಡುತ್ತಿದ್ದಾರೆ.

ಸಭೆ: ಏಪ್ರಿಲ್ ೮, ಸೋಮವಾರ, ಸಂಜೆ ಐದೂವರೆಗೆ, ಸಂಘದ ಕೋಣೆಗೆ ಬೀಗ ಹಾಕಿದ್ದರೆ ನೀರಿನ ಫಿಲ್ಟರ್ ಹತ್ತಿರ, ಅಂಕಪಟ್ಟಿಯ ಕೆಳಗೆ. ವಿಷಯ ಒಂದೇ, ನಮ್ಮ ಮೊದಲನೆಯ ಬೇಡಿಕೆ: ತಲೆಗೊಂದು ಮೀಟರ್. ಬರುವವರು ಹಡಗಿನ ಮೀಟರ್ ಹಿಡಿದು ಇಳಿದ ದಿನಗಳ ಪಟ್ಟಿ ತರಬೇಕು. ನಾನು ನನ್ನದು ತರುತ್ತೇನೆ. ಒಂಬತ್ತು.